ಫಾರ್ಮ್ಯಾಟ್ ಮಾಡುವ ಮುನ್ನ ಲಾಗ್ ಓದಿ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೊಂದದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಂಡವರು ದಾವಣಗೆರೆಯಲ್ಲಿ ನನ್ನ ಪರಿಚಯದವರಲ್ಲೇ ಹಲವರಿದ್ದಾರೆ. ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ, ಮಂಡಿಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವವರಿದ್ದಾರೆ, ನಿವೃತ್ತರಾದ ಮೇಷ್ಟ್ರುಗಳೂ ಇದ್ದಾರೆ. ಹೆಚ್ಚಿನವರು ಬಳಸುವುದು ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ವಿತರಣೆ, ಎಂದರೆ ಲಿನಕ್ಸಿನ ಸಿದ್ಧ ರೂಪ. ಎಲ್ಲವೂ ಸರಿಯಿರುವಾಗ ಎಲ್ಲರಿಗೂ ಸಂತೋಷವೇ, ಆದರೆ ಯಂತ್ರ ಒಮ್ಮೆ ಮುಷ್ಕರ ಹೂಡಿತೆಂದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಫಾರ್ಮ್ಯಾಟ್ ಹೊಡೆಸಿಬಿಡೋಣ."

ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಫಾರ್ಮ್ಯಾಟ್ ಮಾಡಿದಾಗ ಅಳಿಸಿಹೋಗುವುದು ದೋಷವಲ್ಲ, ದೋಷದ ಪುರಾವೆ. ತಾನು ಏಕೆ ನಿಂತೆ, ಯಾವಾಗ ನಿಂತೆ, ನಿಲ್ಲುವ ಮುನ್ನ ಏನಾಯಿತು ಎಂಬುದನ್ನು ಲಿನಕ್ಸ್ ತನ್ನ ಡಿಸ್ಕಿನಲ್ಲೇ ಬರೆದಿಟ್ಟಿರುತ್ತದೆ. ಆ ದಾಖಲೆಯೇ ಲಾಗ್. ಆ ಬರಹವನ್ನು ಓದದೆ ಹೊಸದಾಗಿ ಸ್ಥಾಪಿಸಿದರೆ, ದೋಷ ತಂತ್ರಾಂಶದಲ್ಲಿ ಇಲ್ಲದಿದ್ದ ಪಕ್ಷದಲ್ಲಿ, ಅದೇ ತೊಂದರೆ ಹೊಸ ವ್ಯವಸ್ಥೆಯ ಮೇಲೂ ಬಂದು ಕೂರುತ್ತದೆ. ನಾನು ಕಂಡ ಮಟ್ಟಿಗೆ, ಲಿನಕ್ಸ್ ಕೆಟ್ಟಿದೆ ಎಂದು ನನ್ನ ಬಳಿಗೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ಮೂಲ ತೊಂದರೆ ಬಿಸಿ, ಧೂಳು, ಡಿಸ್ಕ್ ಅಥವಾ ವಿದ್ಯುತ್ತಿಗೆ ಸಂಬಂಧಿಸಿದ್ದು.

ಈಗಿನ ಬಹುತೇಕ ವಿತರಣೆಗಳಲ್ಲಿ ಲಾಗ್ ಬರೆಯುವ ಕೆಲಸ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಜರ್ನಲ್ ಎಂಬ ಭಾಗದ್ದು. ಕಮಾಂಡ್ ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ ಕಮಾಂಡಿಗೆ ಬಿ ಎಂಬ ಆಯ್ಕೆಯನ್ನೂ ಅದರ ಮುಂದೆ ಮೈನಸ್ ಒಂದನ್ನೂ ಕೊಟ್ಟರೆ, ಈಗಿನದಲ್ಲ, ಇದರ ಹಿಂದಿನ ಬಾರಿ ಯಂತ್ರ ಚಾಲೂ ಆದಾಗಿನಿಂದ ನಿಲ್ಲುವವರೆಗಿನ ಸಾಲುಗಳು ಬರುತ್ತವೆ. ಇ ಆಯ್ಕೆಯನ್ನು ಸೇರಿಸಿದರೆ ನೇರವಾಗಿ ಕೊನೆಯ ಪುಟಕ್ಕೆ ಹೋಗಬಹುದು. ಸಂದೇಶಗಳಿಗೆ 0ಯಿಂದ 7ರವರೆಗೆ ತೀವ್ರತೆಯ ಅಂಕಿ ಇರುತ್ತದೆ. 0 ಅತ್ಯಂತ ಗಂಭೀರ, 7 ಕೇವಲ ಪರೀಕ್ಷೆಗೆಂದು ಬರೆದ ವಿವರ. ಪಿ ಆಯ್ಕೆಯೊಂದಿಗೆ 3 ಎಂದು ಕೊಟ್ಟರೆ ದೋಷ ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ ಉಳಿಯುತ್ತವೆ. ಆರೋಗ್ಯವಂತ ಯಂತ್ರದಲ್ಲೂ ಒಂದಷ್ಟು ಕೆಂಪು ಸಾಲುಗಳು ಇದ್ದೇ ಇರುತ್ತವೆ ಎಂಬುದನ್ನು ಹೊಸಬರು ತಿಳಿದಿರಬೇಕು. ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯೋಸ್ ಬರೆದವರ ಸಣ್ಣಪುಟ್ಟ ತಪ್ಪುಗಳ ಬಗ್ಗೆ ಲಿನಕ್ಸಿನ ತಿರುಳಾದ ಕರ್ನಲ್ ಪ್ರತಿ ಬಾರಿಯೂ ದೂರುತ್ತದೆ. ಹಾಗಾಗಿ ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಒಮ್ಮೆ ಲಾಗ್ ತೆಗೆದು, ಯಾವ ದೂರು ದಿನನಿತ್ಯದ್ದು ಎಂದು ಕಣ್ಣಾಡಿಸಿಟ್ಟುಕೊಂಡರೆ, ಹೊಸ ದೂರು ಬಂದ ದಿನ ಅದು ತಕ್ಷಣ ಎದ್ದು ಕಾಣುತ್ತದೆ.

ಲಾಗಿನ ಕೊನೆಯ ಭಾಗವೇ ಅರ್ಧ ಕಥೆಯನ್ನು ಹೇಳುತ್ತದೆ. ಯಂತ್ರವನ್ನು ಕ್ರಮವಾಗಿ ನಿಲ್ಲಿಸಿದ್ದರೆ ಸೇವೆಗಳು ಒಂದೊಂದಾಗಿ ನಿಂತದ್ದು, ಡಿಸ್ಕುಗಳನ್ನು ಕಳಚಿದ್ದು ಸಾಲಾಗಿ ಬರೆದಿರುತ್ತದೆ. ಕರೆಂಟ್ ಹೋಗಿಯೋ ಬಿಸಿಯಿಂದಲೋ ಯಂತ್ರ ದಿಢೀರನೆ ಆರಿದ್ದರೆ ಇವು ಯಾವುವೂ ಇರುವುದಿಲ್ಲ. ಯಾವುದೋ ಸಾಮಾನ್ಯ ಸಂದೇಶದ ನಡುವೆ ಲಾಗ್ ಕತ್ತರಿಸಿದ ಹಾಗೆ ಮುಗಿದಿರುತ್ತದೆ, ಮುಂದಿನ ಬಾರಿ ಚಾಲೂ ಆದಾಗ ಹಿಂದಿನ ಜರ್ನಲ್ ಕಡತ ಸರಿಯಾಗಿ ಮುಚ್ಚಿಲ್ಲ ಎಂಬ ಸಾಲೊಂದು ಕಾಣಿಸುತ್ತದೆ. ಜರ್ನಲ್ ತಾನು ಹಿಡಿದ ಸಾಮಾನ್ಯ ಸಂದೇಶಗಳನ್ನು ಡಿಸ್ಕಿಗೆ ಭದ್ರಪಡಿಸುವುದು ಸುಮಾರು 5 ನಿಮಿಷಕ್ಕೊಮ್ಮೆ; ಅತಿ ಗಂಭೀರವಾದವನ್ನು ಮಾತ್ರ ತಕ್ಷಣ ಬರೆಯುತ್ತದೆ. ಆದ್ದರಿಂದ ಕೊನೆಯ ಸಾಲಿನ ಸಮಯಕ್ಕೂ ಯಂತ್ರ ನಿಜವಾಗಿ ಆರಿದ ಸಮಯಕ್ಕೂ ಕೆಲವು ನಿಮಿಷಗಳ ಅಂತರವಿದ್ದರೆ ಗಾಬರಿಯಾಗಬೇಕಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬನ ತಂದೆಯದು ಮಂಡಕ್ಕಿ ಭಟ್ಟಿ. ಮನೆಯ ಹಳೆಯ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿಸಿ, ಭಟ್ಟಿಯ ಲೆಕ್ಕ ಬರೆಯಲು ಅಲ್ಲೇ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದರು. "ಅಣ್ಣಾ, ಮಧ್ಯಾಹ್ನ ಆತಂದ್ರೆ ತಾನೇ ಆಫ್ ಆಗ್ತತಿ. ಫಾರ್ಮ್ಯಾಟ್ ಮಾಡಿಸಿದ್ರೂ ಹಂಗೇ ಐತಿ. ವಿಂಡೋಸೇ ಹಾಕಿ ಕೊಡ್ರಿ" ಎಂದು ಅವನು ಯಂತ್ರವನ್ನು ತಂದು ಕೊಟ್ಟ. ಹಿಂದಿನ ಬಾರಿಯ ಲಾಗ್ ತೆರೆದು ನೋಡಿದಾಗ, ಪ್ರೊಸೆಸರಿನ ಬಿಸಿ ಮಿತಿ ಮೀರಿದೆ, ವೇಗವನ್ನು ತಗ್ಗಿಸಲಾಗಿದೆ ಎಂಬ ಅರ್ಥದ ಸಾಲುಗಳು ಬೆಳಿಗ್ಗೆ ಅಲ್ಲೊಂದು ಇಲ್ಲೊಂದು ಇದ್ದವು, ಹೊತ್ತೇರಿದಂತೆ ಒತ್ತೊತ್ತಾಗುತ್ತಾ ಹೋಗಿದ್ದವು. ಅಪಾಯದ ಬಿಸಿ ಮುಟ್ಟಿದ್ದರಿಂದ ಯಂತ್ರವನ್ನು ನಿಲ್ಲಿಸುತ್ತಿದ್ದೇನೆ ಎಂದು ಕೊನೆಯಲ್ಲಿ ಕರ್ನಲ್ ತಾನೇ ಬರೆದಿತ್ತು. ಲಿನಕ್ಸ್ ಅಲ್ಲಿ ಕೆಟ್ಟಿರಲಿಲ್ಲ. ಯಂತ್ರ ಸುಟ್ಟುಹೋಗದಂತೆ ಕಾಪಾಡಿತ್ತು.

ಹಿಂಬದಿಯ ಮುಚ್ಚಳ ಬಿಚ್ಚಿದಾಗ ಮೇಲ್ನೋಟಕ್ಕೆ ಎಲ್ಲವೂ ಸ್ವಚ್ಛವಾಗಿತ್ತು. ಕಸ ಇದ್ದದ್ದು ಕಣ್ಣಿಗೆ ಬೀಳದ ಜಾಗದಲ್ಲಿ, ಫ್ಯಾನಿನ ಬಾಯಿಗೂ ತಾಮ್ರದ ಕೊಳವೆಯ ತುದಿಯಲ್ಲಿರುವ ತೆಳು ಲೋಹದ ಪಟ್ಟಿಗಳಿಗೂ ನಡುವೆ. ಫ್ಯಾನನ್ನು ಎತ್ತಿದಾಗ ಹೊಗೆಯ ಮಸಿ, ಅಕ್ಕಿಯ ತೌಡು, ಬಟ್ಟೆಯ ನೂಲು ಸೇರಿ ಹೆಪ್ಪುಗಟ್ಟಿದ ಪದರವೊಂದು ಹಳೆಯ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಫ್ಯಾನ್ ತಿರುಗುತ್ತಿದ್ದದ್ದು ನಿಜ, ಆದರೆ ಗಾಳಿ ಹೊರಗೆ ಹೋಗುವ ದಾರಿಯೇ ಮುಚ್ಚಿತ್ತು. ಅದನ್ನು ತೆಗೆದು, ಪ್ರೊಸೆಸರಿನ ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದ ಮೇಲೆ, 90 ಡಿಗ್ರಿ ದಾಟುತ್ತಿದ್ದ ಬಿಸಿ ಅದೇ ಕೆಲಸಕ್ಕೆ 70ರ ಆಸುಪಾಸಿಗೆ ಇಳಿಯಿತು. ಈಗ ಆ ಯಂತ್ರ ಭಟ್ಟಿಯ ಬದಲು ಪಕ್ಕದ ಕೋಣೆಯಲ್ಲಿ ಕೂರುತ್ತದೆ, ಮಿಂಟ್‌ನಲ್ಲೇ ನಡೆಯುತ್ತಿದೆ.

ಏಪ್ರಿಲ್, ಮೇ ತಿಂಗಳ ನಮ್ಮ ಊರಿನ ಸೆಕೆಯಲ್ಲಿ ಈ ಸಮಸ್ಯೆ ಸಹಜ. ಕೋಣೆಯ ಗಾಳಿಯೇ ಕಾದಿರುವಾಗ ಫ್ಯಾನ್ ಎಳೆದುಕೊಳ್ಳುವುದೂ ಬಿಸಿ ಗಾಳಿಯನ್ನೇ. ಬಹುತೇಕ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಎಲ್‌ಎಂ-ಸೆನ್ಸರ್ಸ್ ಎಂಬ ಪ್ಯಾಕೇಜನ್ನು ಹಾಕಿಕೊಂಡು ಸೆನ್ಸರ್ಸ್ ಎಂದು ಟೈಪಿಸಿದರೆ ಆಗಿನ ಬಿಸಿಯೂ ಆ ಮಿತಿಯೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ಬ್ಲೋವರಿನಿಂದ ಧೂಳು ಊದುವವರು ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಊದಬೇಕು; ಇಲ್ಲದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುವುದಂತೂ ಬೇಡವೇ ಬೇಡ.

ಬಿಸಿ ಬ್ಯಾಟರಿಯನ್ನೂ ತಿನ್ನುತ್ತದೆ. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಇಡುವ ಲ್ಯಾಪ್‌ಟಾಪಿನ ಬ್ಯಾಟರಿ ಬೇಗ ಸವೆಯುತ್ತದೆ. ಯುಪವರ್ ಕಮಾಂಡ್ ತೋರಿಸುವ ವಿವರಗಳಲ್ಲಿ ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ತುಂಬಿದಾಗ ಎಷ್ಟು ಹಿಡಿಯುತ್ತದೆ ಎಂಬ ಎರಡೂ ಅಂಕಿಗಳಿರುತ್ತವೆ. ಕೆಲವು ಮಾದರಿಗಳಲ್ಲಿ ಶೇ. 80ಕ್ಕೆ ಚಾರ್ಜಿಂಗ್ ನಿಲ್ಲುವಂತೆ ಟಿಎಲ್‌ಪಿ ಎಂಬ ತಂತ್ರಾಂಶದ ಮೂಲಕ ಮಿತಿ ಹಾಕಬಹುದು. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದಂತೆ ಕಂಡರೆ ಒಳಗೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಹೆಚ್ಚು. ಅಂಥ ಯಂತ್ರವನ್ನು ಚಾರ್ಜಿಗೆ ಹಾಕದೆ, ತಿಳಿದವರಿಂದ ಬ್ಯಾಟರಿಯನ್ನು ತೆಗೆಸಬೇಕು.

ಡಿಸ್ಕಿನ ತೊಂದರೆ ಇನ್ನೂ ಗಂಭೀರ, ಏಕೆಂದರೆ ಅಲ್ಲಿ ಹೋಗುವುದು ನಮ್ಮ ಕಡತಗಳು. ಕೆಲಸದ ನಡುವೆ ಇದ್ದಕ್ಕಿದ್ದಂತೆ ಯಾವ ಫೈಲೂ ಸೇವ್ ಆಗದೆ, ಓದಲು ಮಾತ್ರ ಅವಕಾಶ ಎಂಬ ಅರ್ಥದ ಸಂದೇಶ ಬಂದರೆ ಅದನ್ನು ಅನುಮತಿಯ ಸಮಸ್ಯೆ ಎಂದು ಭಾವಿಸಿ ಅನುಮತಿ ಬದಲಿಸುವ ಚ್‌ಮಾಡ್ ಕಮಾಂಡಿಗೆ ಕೈಹಾಕುವವರಿದ್ದಾರೆ. ಉಬುಂಟು, ಡೆಬಿಯನ್ ಮೂಲದ ವ್ಯವಸ್ಥೆಗಳಲ್ಲಿ ಮುಖ್ಯ ಪಾರ್ಟಿಷನ್ನಿನ (ಡಿಸ್ಕಿನ ವಿಭಾಗದ) ಕಡತ ವ್ಯವಸ್ಥೆಯಲ್ಲಿ ದೋಷ ಕಂಡ ಕೂಡಲೇ ಕರ್ನಲ್ ಬರೆಯುವುದನ್ನು ನಿಲ್ಲಿಸಿ, ಓದಲಷ್ಟೇ ಬಿಡುವಂತೆ ಸಾಮಾನ್ಯವಾಗಿ ಮೊದಲೇ ಹೊಂದಿಸಿರುತ್ತಾರೆ. ಇದ್ದದ್ದಾದರೂ ಉಳಿಯಲಿ ಎಂಬುದು ಅದರ ಉದ್ದೇಶ. ಆಗ ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ಕಮಾಂಡಿನಲ್ಲಿ ಐ/ಒ (ಓದು-ಬರಹದ) ದೋಷದ ಸಾಲುಗಳು ಇವೆಯೇ ಎಂದು ನೋಡಿ, ಸ್ಮಾರ್ಟ್‌ಸಿಟಿಎಲ್ ಮೂಲಕ ಡಿಸ್ಕಿನ ಸ್ವಂತ ದಾಖಲೆಯನ್ನು ತೆಗೆಯಬೇಕು. ಹಳೆಯ ಹಾರ್ಡ್ ಡಿಸ್ಕಿನ ಆ ಪಟ್ಟಿಯಲ್ಲಿ 5, 197, 199 ಎಂಬ ಸಂಖ್ಯೆಗಳ ಸಾಲುಗಳನ್ನು ನಾನು ಮೊದಲು ಓದುತ್ತೇನೆ. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ತುಣುಕುಗಳ) ಲೆಕ್ಕ. 197 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳ ಲೆಕ್ಕ. ಇವೆರಡೂ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿಯಬೇಕು. 199 ಮಾತ್ರ ಏರುತ್ತಿದ್ದರೆ ದೋಷ ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರಿನಲ್ಲಿರುತ್ತದೆ, ಡಿಸ್ಕನ್ನು ಎಸೆಯಬೇಕಿಲ್ಲ.

ಇಲ್ಲಿ ಕ್ರಮ ಬಹಳ ಮುಖ್ಯ. ಡಿಸ್ಕ್ ಸಾಯುತ್ತಿರುವಾಗ ಕಡತ ವ್ಯವಸ್ಥೆಯನ್ನು ಪರಿಶೀಲಿಸಿ ಸರಿಪಡಿಸುವ ಎಫ್‌ಎಸ್‌ಸಿಕೆಯನ್ನು ಮೊದಲು ಓಡಿಸಿದರೆ, ಆ ಪರಿಶೀಲನೆಯ ಓಡಾಟದಲ್ಲೇ ಉಳಿದ ಪ್ರಾಣವೂ ಹೋಗಬಹುದು. ಮೊದಲು ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕಿನ ನಕಲನ್ನು ಬೇರೊಂದಕ್ಕೆ ತೆಗೆಯಬೇಕು, ದುರಸ್ತಿಯನ್ನು ನಕಲಿನ ಮೇಲೆ ಮಾಡಬೇಕು. ಮೌಂಟ್ ಆಗಿ ಬಳಕೆಯಲ್ಲಿರುವ ಪಾರ್ಟಿಷನ್ನಿನ ಮೇಲೆ ಎಫ್‌ಎಸ್‌ಸಿಕೆಯಿಂದ ದುರಸ್ತಿ ಎಂದೂ ಮಾಡಬಾರದು.

ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಮತ್ತೆ ಮತ್ತೆ ಲಾಗಿನ್ ಪರದೆಗೇ ಮರಳುವುದು ಇನ್ನೊಂದು ಪರಿಚಿತ ದೂರು. ಬಹಳ ಸಲ ಇದಕ್ಕೆ ಕಾರಣ ಡಿಸ್ಕ್ ತುಂಬಿರುವುದು. ಕಂಟ್ರೋಲ್, ಆಲ್ಟ್, ಎಫ್3 ಕೀಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳ ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ ಡಿಎಫ್ ಕಮಾಂಡ್ ಕೊಟ್ಟರೆ ನೂರಕ್ಕೆ ನೂರು ತುಂಬಿದ ಪಾರ್ಟಿಷನ್ ಕಾಣುತ್ತದೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೆಂದು ಕಾಯ್ದಿರಿಸುವುದರಿಂದ, ಆ ಅಧಿಕಾರ ಕೊಡುವ ಸುಡೊ ಹಾಕಿ ಮಾಡುವ ಸ್ವಚ್ಛತೆಗೆ ಅಡ್ಡಿಯಾಗುವುದಿಲ್ಲ. ಎಪಿಟಿ ಕ್ಲೀನ್, ಎಪಿಟಿ ಆಟೊರಿಮೂವ್ ಎಂಬ ಎರಡು ಕಮಾಂಡುಗಳಿಂದ ಇಳಿಸಿಟ್ಟ ಪ್ಯಾಕೇಜುಗಳೂ ಹಳೆಯ ಕರ್ನಲ್‌ಗಳೂ ಹೋಗುತ್ತವೆ. ಮಿಂಟ್ ಬಳಸುವವರು ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಸಲಕರಣೆ ಅದೇ ಡಿಸ್ಕಿನಲ್ಲಿ ಸ್ನ್ಯಾಪ್‌ಶಾಟ್‌ಗಳನ್ನು (ವ್ಯವಸ್ಥೆಯ ನಕಲುಗಳನ್ನು) ಕೂಡಿಡುತ್ತಿದೆಯೇ ಎಂದೂ ನೋಡಬೇಕು. ಜರ್ನಲ್ ಕೂಡ ಪಾರ್ಟಿಷನ್ನಿನ ಶೇ. 10ರವರೆಗೆ, ಹೆಚ್ಚೆಂದರೆ 4 ಜಿಬಿಯವರೆಗೆ ಬೆಳೆಯಬಹುದು. ಅದನ್ನು ಮೊಟಕುಗೊಳಿಸಲು ವ್ಯಾಕ್ಯೂಮ್ ಆಯ್ಕೆಯಿದೆ, ಆದರೆ ತೊಂದರೆಯ ಕಾರಣ ಗೊತ್ತಾಗುವ ಮೊದಲು ಅದನ್ನು ಬಳಸಬೇಡಿ.

ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿನಂತೆ ಬಳಸುವವರು ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಸಿಕ್ಕಿಬೀಳುತ್ತಾರೆ. ಅರ್ಧಕ್ಕೆ ನಿಂತ ಅಪ್‌ಡೇಟಿಗೆ ಮದ್ದು ಸುಲಭ: ಪ್ಯಾಕೇಜುಗಳನ್ನು ಸ್ಥಾಪಿಸುವ ಡಿಪಿಕೆಜಿಗೆ ಕಾನ್ಫಿಗರ್ ಆಯ್ಕೆಯನ್ನು ಎಲ್ಲ ಪ್ಯಾಕೇಜುಗಳಿಗೂ ಅನ್ವಯಿಸುವಂತೆ ಕೊಟ್ಟು, ನಂತರ ಎಪಿಟಿಗೆ ಫಿಕ್ಸ್ ಬ್ರೋಕನ್ ಆಯ್ಕೆಯನ್ನು ಕೊಟ್ಟರೆ ಸಾಮಾನ್ಯವಾಗಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಲಾಕ್ (ಒಮ್ಮೆಗೆ ಒಂದೇ ಅಪ್‌ಡೇಟ್ ನಡೆಯುವಂತೆ ಕಾಯುವ ಬೀಗ) ಸಿಗುತ್ತಿಲ್ಲ ಎಂಬ ಸಂದೇಶ ಬಂದಾಗ ಲಾಕ್ ಕಡತವನ್ನೇ ಅಳಿಸಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ಹಿನ್ನೆಲೆಯಲ್ಲಿ ಸ್ವಯಂಚಾಲಿತ ಅಪ್‌ಡೇಟ್ ನಡೆಯುತ್ತಿರುತ್ತದೆ, ಕಾದರೆ ಅದು ತಾನೇ ಬಿಡುತ್ತದೆ.

ಅಪ್‌ಡೇಟ್ ಆದ ಮರುದಿನ ವೈಫೈ ಮಾಯವಾದರೆ, ಯಂತ್ರ ಚಾಲೂ ಆಗುವಾಗ ಗ್ರಬ್ ಎಂಬ ಆರಂಭದ ಮೆನುವಿನ ಹೆಚ್ಚುವರಿ ಆಯ್ಕೆಗಳಿಂದ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ವೈಫೈ ಬಂದರೆ ಹಾರ್ಡ್‌ವೇರ್ ಸರಿಯಿದೆ ಎಂದಾಯಿತು. ಕರ್ನಲ್ಲಿನ ಜೊತೆಗೆ ಬರದ, ಡಿಕೆಎಂಎಸ್ ಎಂಬ ಸಲಕರಣೆಯ ಮೂಲಕ ಪ್ರತಿ ಕರ್ನಲ್ಲಿಗೂ ಹೊಸದಾಗಿ ಕಟ್ಟಬೇಕಾದ ಡ್ರೈವರ್‌ಗಳಿಗೆ ಆಯಾ ಕರ್ನಲ್ಲಿನ ಹೆಡರ್ ಪ್ಯಾಕೇಜ್ ಬೇಕು. ಅದಿಲ್ಲದಿದ್ದರೆ ಹೊಸ ಕರ್ನಲ್ಲಿಗೆ ಡ್ರೈವರ್ ತಯಾರಾಗಿರುವುದಿಲ್ಲ. ಸಹಿಯಿರುವ ತಂತ್ರಾಂಶವನ್ನಷ್ಟೇ ಒಪ್ಪುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದೂ ಇಲ್ಲ. ಆ ನಿರಾಕರಣೆಯೂ ಲಾಗಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಟೈಮ್‌ಶಿಫ್ಟ್ ಇದ್ದರೆ ಎಲ್ಲವೂ ಭದ್ರ ಎಂಬ ತಪ್ಪು ತಿಳಿವಳಿಕೆ ಬ್ಯಾಕಪ್ ಬಗ್ಗೆ ಬಲವಾಗಿ ಬೇರೂರಿದೆ. ಟೈಮ್‌ಶಿಫ್ಟ್ ಕಾಪಾಡುವುದು ವ್ಯವಸ್ಥೆಯ ಕಡತಗಳನ್ನು. ನಮ್ಮ ಸ್ವಂತ ಕಡತಗಳಿರುವ ಹೋಮ್ ಫೋಲ್ಡರನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಅದಕ್ಕೆ ಬೇರೆ ಡಿಸ್ಕಿಗೆ ಆರ್‌ಸಿಂಕ್ ಎಂಬ ಕಮಾಂಡಿನಿಂದ ನಕಲು ಮಾಡುವುದೇ ನನ್ನ ಆಯ್ಕೆ. ನಕಲು ಮಾಡುವಾಗ ಚುಕ್ಕೆಯಿಂದ ಆರಂಭವಾಗುವ ಗುಪ್ತ ಫೋಲ್ಡರ್‌ಗಳನ್ನು ಬಿಡಬಾರದು. ಬ್ರೌಸರಿನ ಬುಕ್‌ಮಾರ್ಕ್, ಮೇಲ್, ತಾವೇ ಹಾಕಿಕೊಂಡ ಕನ್ನಡ ಫಾಂಟ್‌ಗಳು ಹೆಚ್ಚಾಗಿ ಅಲ್ಲೇ ಇರುತ್ತವೆ.

ಇನ್ನು ಪ್ರತಿಯೊಬ್ಬರ ಬಳಿಯೂ ಲಿನಕ್ಸನ್ನು ತನ್ನಿಂದಲೇ ನಡೆಸಬಲ್ಲ ಒಂದು ಲೈವ್ ಪೆನ್‌ಡ್ರೈವ್ ಇರಲೇಬೇಕು. ಯಂತ್ರ ಗ್ರಬ್‌ವರೆಗೂ ಬಾರದಿದ್ದಾಗ ಇದರಿಂದ ಚಾಲೂ ಮಾಡಿ, ಒಳಗಿನ ಪಾರ್ಟಿಷನ್ನನ್ನು ಮೌಂಟ್ ಮಾಡಿ, ಆರಂಭದ ಕಡತಗಳಿರುವ ಇಎಫ್‌ಐ ಪಾರ್ಟಿಷನ್ ಹಾಗೂ ಡೆವ್, ಪ್ರಾಕ್, ಸಿಸ್ ಎಂಬ ವ್ಯವಸ್ಥೆಯ ಮೂರು ಫೋಲ್ಡರ್‌ಗಳನ್ನೂ ಅದರೊಳಕ್ಕೆ ಜೋಡಿಸಿ, ಸಿಹೆಚ್‌ರೂಟ್ ಕಮಾಂಡಿನ ಮೂಲಕ ಆ ವ್ಯವಸ್ಥೆಯ ಒಳಹೊಕ್ಕರೆ ಗ್ರಬ್ಬನ್ನು ಮತ್ತೆ ಬರೆಯಬಹುದು. ಹಿಂದಿನ ಲಾಗನ್ನು ಅಲ್ಲಿಂದಲೇ ಓದಲೂಬಹುದು. ಉಬುಂಟುವಿನ ದೀರ್ಘಾವಧಿ ಆವೃತ್ತಿ ಸಮಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುತ್ತದೆ. ಲ್ಯಾಪ್‌ಟಾಪಿಗೆ ಹೊಸ ಆವೃತ್ತಿ ಹಾಕಿದಾಗ ಪೆನ್‌ಡ್ರೈವಿಗೂ ಅದನ್ನೇ ಬರೆದುಕೊಳ್ಳಿ, ಏಕೆಂದರೆ ಹೊಸ ಸಲಕರಣೆಗಳಿಂದ ರೂಪಿಸಿದ ಇಎಕ್ಸ್‌ಟಿ4 ಪಾರ್ಟಿಷನ್ನಿನ ಕೆಲವು ಸೌಲಭ್ಯಗಳು ಹಳೆಯ ಪೆನ್‌ಡ್ರೈವಿನಲ್ಲಿರುವ ಎಫ್‌ಎಸ್‌ಸಿಕೆಗೆ ಅರ್ಥವಾಗದೆ, ಅದು ಪರಿಶೀಲನೆಯನ್ನೇ ನಿರಾಕರಿಸುತ್ತದೆ.