ಆ ಟ್ಯಾಂಕರಿನ ಮೇಲೆ ಯಾವ ಸಂಖ್ಯೆ ಇತ್ತು?

ಮೊನ್ನೆ ಸಿಗ್ನಲ್‌ನಲ್ಲಿ ನಮ್ಮ ಸೈಕಲ್‌ಗಳ ಪಕ್ಕಕ್ಕೆ ಒಂದು ಟ್ಯಾಂಕರ್ ಬಂದು ನಿಂತಿತು. ಪಕ್ಕದ ಮನೆಯ ಎಂಟು ವರ್ಷದ ಹುಡುಗ ಅದರ ಕಿತ್ತಳೆ ಬಣ್ಣದ ಫಲಕ ನೋಡಿ, ಮಗ್ಗಿ ಒಪ್ಪಿಸುವವನಂತೆ ಹೇಳಿದ: "ಮೇಲೆ 33, ಕೆಳಗೆ 1203. ಪೆಟ್ರೋಲ್. ಮೂರು ಎಂದರೆ ಹೊತ್ತಿಕೊಳ್ಳುವ ದ್ರವ. ಎರಡು ಸಲ ಬರೆದಿದ್ದರೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ."

ಅವನ ಅಪ್ಪ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವನು. ನಾನಿರುವ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರೈನ್ ನದಿಯ ಪಕ್ಕಕ್ಕೇ ತೈಲ ಶುದ್ಧೀಕರಣ ಘಟಕವಿದೆ. ಸುಗ್ಗಿಯಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ಲಾರಿಗಳು ಬರುವಂತೆ ಇಲ್ಲಿ ಟ್ಯಾಂಕರ್‌ಗಳು ಓಡಾಡುತ್ತವೆ.

ನಮ್ಮ ಕಾಕಾನೂ ಟ್ಯಾಂಕರ್ ಓಡಿಸುತ್ತಿದ್ದ, ಅದು ಒಮ್ಮೆ ಮಗುಚಿತ್ತು ಎಂದೆ. ಹುಡುಗ ಕೂಡಲೇ ಕೇಳಿದ: "ಅದರ ಮೇಲೆ ಯಾವ ಸಂಖ್ಯೆ ಇತ್ತು?"

ನನಗೆ ಗೊತ್ತಿರಲಿಲ್ಲ. ಅದು ಮನಸ್ಸಿಗೆ ಚುಚ್ಚಿತು.

ನಾನಾಗ ಆರನೇ ಇಯತ್ತೆಯಲ್ಲಿದ್ದೆ. ತಡಸ ಕ್ರಾಸ್ ದಾಟಿದ ಮೇಲೆ ಟ್ಯಾಂಕರ್ ಹೊಲದ ಬದುವಿಗೆ ಉರುಳಿದೆ ಎಂಬ ಸುದ್ದಿ ಬಂತು. ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ನಾನೂ ಹೋದೆ. ನಾವು ಮುಟ್ಟುವಷ್ಟರಲ್ಲಿ ಜನ ಕೊಡ, ಕ್ಯಾನು ಹಿಡಿದು ಓಡಿ ಬರುತ್ತಿದ್ದರು. ಸೋರುತ್ತಿದ್ದದ್ದು ಶೇಂಗಾ ಎಣ್ಣೆಯಂತೆ ದಪ್ಪಗೆ ಹರಿಯುತ್ತಿತ್ತು. ಕಾಕಾ ಎರಡೂ ಕೈ ಚಾಚಿ, "ಆ್ಯಸಿಡ್, ಹತ್ತಿರ ಬರಬೇಡಿ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಯಾರೋ ತಡೆಯಲೆಂದು ಗೋಣಿಚೀಲ ಹಾಸಿದರು. ಅದು ನಮ್ಮ ಕಣ್ಣೆದುರೇ ಕಪ್ಪಾಗಿ ಇದ್ದಿಲಿನಂತಾಯಿತು. ಒಬ್ಬ ಕೊಡದ ನೀರು ಸುರಿದ. ಚೊರ್ರೆಂದು ಹೊಗೆ ಎದ್ದು ಸಿಡಿಯಿತು. ಅವನನ್ನು ಆಚೆ ದೂಡಲು ಹೋದ ಕಾಕಾನ ಎಡಗಾಲು ಅದರಲ್ಲೇ ಇಳಿಯಿತು. ಇಂದಿಗೂ ಆ ಪಾದದ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತಿದೆ.

ಆ ರಾತ್ರಿ ನಿದ್ದೆ ಬರದೆ ಹುಡುಕಿ ಓದಿದೆ. ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಎಲ್ಲವೂ ಇದೆ: ವಸ್ತುವಿನ ಹೆಸರು, ವಿಶ್ವಸಂಸ್ಥೆಯ ನಾಲ್ಕಂಕಿಯ ಸಂಖ್ಯೆ, ತುರ್ತು ದೂರವಾಣಿ ಇರುವ ಫಲಕ, ಚಾಲಕನಿಗೆ ಮೂರು ದಿನದ ತರಬೇತಿ, ಕ್ಯಾಬಿನ್‌ನಲ್ಲಿ ಅಪಘಾತವಾದರೆ ಏನು ಮಾಡಬೇಕೆಂಬ ಕಾರ್ಡು. ಅಪಾಯಕಾರಿ ವಸ್ತುಗಳನ್ನು ರಸ್ತೆಯಲ್ಲಿ ಸಾಗಿಸುವ ಬಗ್ಗೆ ಯುರೋಪಿನ ಒಪ್ಪಂದ 1957ರಲ್ಲಿ ಜಿನೀವಾದಲ್ಲಿ ಆದದ್ದು. ಅಂಥ ಸೂಚನಾ ಕಾರ್ಡು ಚಾಲಕನಿಗೆ ಓದಲು ಬರುವ ಭಾಷೆಯಲ್ಲೇ ಇರಬೇಕು ಎನ್ನುತ್ತದೆ ಅದು. ಕಾಕಾನ ಕಾರ್ಡು ಬರೀ ಇಂಗ್ಲಿಷಿನಲ್ಲಿತ್ತು. ಅವನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ.

ಯುರೋಪಿನವರಿಗೂ ಇದು ಹುಟ್ಟಿನಿಂದ ಬಂದ ಜಾಣತನವಲ್ಲ. 1978ರ ಜುಲೈನಲ್ಲಿ ಸ್ಪೇನಿನ ಕಡಲತೀರದ ಪ್ರವಾಸಿ ಶಿಬಿರವೊಂದರ ಪಕ್ಕ, ಬೇಗ ಹೊತ್ತಿಕೊಳ್ಳುವ ಪ್ರೊಪಿಲೀನ್ ಅನಿಲವನ್ನು ಮಿತಿ ಮೀರಿ ತುಂಬಿದ್ದ ಟ್ಯಾಂಕರ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಪೆಟ್ಟು ತಿಂದೇ ಕಲಿತಿದ್ದಾರೆ.

ಕೊಡ ಹಿಡಿದು ಓಡಿದ ನಮ್ಮ ಜನರನ್ನು ಆಸೆಬುರುಕರು ಎಂದರೆ ನಾನು ಒಪ್ಪುವುದಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಹೆದ್ದಾರಿಯ ಮಗ್ಗುಲಲ್ಲೇ ಇದ್ದ ನಮ್ಮ ಶಾಲೆಯಲ್ಲಿ ನದಿಗಳ ಉಗಮಸ್ಥಾನ ಬಾಯಿಪಾಠ ಮಾಡಿಸಿದರು, ಕಿಟಕಿಯಾಚೆ ಹಾದುಹೋಗುವ ಟ್ಯಾಂಕರಿನ ಬೆನ್ನಿನ ಮೇಲೆ ಏನು ಬರೆದಿದೆ ಎಂದು ಒಂದು ದಿನವೂ ತೋರಿಸಲಿಲ್ಲ. ಹುಬ್ಬಳ್ಳಿ ಧಾರವಾಡ ಬೈಪಾಸ್ ಇರಲಿ, ತಡಸ ಇರಲಿ, ಟ್ಯಾಂಕರ್ ಉರುಳಿದರೆ ಮೊದಲು ಓಡಿ ಬರುವವರು ಚಹಾದಂಗಡಿಯವರು, ಪಂಕ್ಚರ್ ತಿದ್ದುವವರು, ಹೊಲದಲ್ಲಿದ್ದವರು. ಅಗ್ನಿಶಾಮಕ ವಾಹನ ಆಮೇಲೆ.

ರವಿವಾರ ಕಾಕಾನಿಗೆ ಫೋನು ಮಾಡಿದೆ.

"ಕಾಕಾ, ನಿನ್ನ ಟ್ಯಾಂಕರಿನ ಹಿಂದೆ ಯಾವ ಸಂಖ್ಯೆ ಇತ್ತು, ನೆನಪಿದೆಯೇ?"

"1830" ಎಂದ, ಕೇಳಿದ ಕೂಡಲೇ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ತಂಗೀ. ಈಗ ಯಾರು ಕೇಳಿದರು?" ಎಂದ.

ಹುಡುಗನ ವಿಷಯ ಹೇಳಿದೆ. ಅವನ ವಯಸ್ಸನ್ನು ಕಾಕಾ ಎರಡು ಸಲ ಕೇಳಿದ. ಕೊನೆಗೆ, ಅಂಥ ಸಂಖ್ಯೆಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕಳಿಸು, ಕ್ರಾಸಿನ ಚಹಾದಂಗಡಿಯ ಗೋಡೆಗೆ ಅಂಟಿಸುತ್ತೇನೆ ಎಂದ.

ಈಗ ಅದನ್ನೇ ಬರೆಯುತ್ತಿದ್ದೇನೆ. 1203 ಪೆಟ್ರೋಲ್. 1075 ಅಡುಗೆ ಅನಿಲ. 1005 ಅಮೋನಿಯಾ. 1017 ಕ್ಲೋರಿನ್. ದೂರ ನಿಂತು 112ಕ್ಕೆ ಕರೆ ಮಾಡಿ, ಸಂಖ್ಯೆ ಹೇಳಿ. 1830 ಆ್ಯಸಿಡ್. ಇದರ ಮುಂದೆ "ನೀರು ಸುರಿಯಬೇಡಿ" ಎಂದು ಕೆಂಪು ಅಕ್ಷರದಲ್ಲಿ ಬರೆಯಲು ಕಾಕಾ ಹೇಳಿದ್ದಾನೆ.