ನಾಲ್ಕು ನೋ ಟ್ರಂಪ್: ಕೇಳಿದ್ದೇನು, ಉತ್ತರಿಸಿದ್ದೇನು

ಭಾನುವಾರ, 15 ಜೂನ್ 2025, ಬೆಂಗಳೂರು

ಇಂದಿನ ಡೂಪ್ಲಿಕೇಟ್ ಬ್ರಿಜ್ ಪಂದ್ಯದಲ್ಲಿ (ಅವೇ ಎಲೆಗಳನ್ನು ಎಲ್ಲ ಮೇಜುಗಳಲ್ಲೂ ಆಡಿ ಅಂಕ ಹೋಲಿಸುವ ಇಸ್ಪೀಟಾಟ) ನನಗೂ ನನ್ನ ಜೊತೆಗಾರರಾದ ರಾಯರಿಗೂ ಒಂದೇ ಒಂದು ಬಿಡ್‌ನ, ಅಂದರೆ ಎಷ್ಟು ಟ್ರಿಕ್ (ಸುತ್ತು) ಗೆಲ್ಲುತ್ತೇವೆಂದು ಹರಾಜಿನಲ್ಲಿ ಹೇಳುವ ಮಾತಿನ, ಬಗ್ಗೆ ಭಿನ್ನಾಭಿಪ್ರಾಯ ಬಂದು, ಅದು ಪಂದ್ಯ ಮುಗಿದು ಕಾಫಿ ಕುಡಿದು ಕಾರಿನವರೆಗೆ ನಡೆದು ಹೋಗುವಾಗಲೂ ಮುಗಿಯಲಿಲ್ಲ. ಬ್ರಿಜ್ ಆಡುವವರಿಗೆ ಇದೇನೂ ಹೊಸದಲ್ಲ. ಆದರೆ ಇಬ್ಬರ ವಾದದಲ್ಲೂ ಹುರುಳಿದ್ದ ಜಗಳ ಇದು. ಅಂಥದ್ದು ಸಿಗುವುದು ಅಪರೂಪವಾದ್ದರಿಂದ ವಿವರವಾಗಿ ಬರೆದಿಡುತ್ತಿದ್ದೇನೆ.

ನನ್ನ ಕೈಯಲ್ಲಿ ಸ್ಪೇಡ್ ಎಕ್ಕ, ರಾಣಿ, ಗುಲಾಮ, 5. ಹಾರ್ಟ್ ರಾಣಿ, 4. ಡೈಮಂಡ್ ರಾಜ, 9, 3. ಕ್ಲಬ್ ಎಕ್ಕ, 10, 7, 3 ಇದ್ದವು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ರೂಢಿಯ ಲೆಕ್ಕದಲ್ಲಿ ಒಟ್ಟು 16 ಪಾಯಿಂಟ್. ರಾಯರು ಒಂದು ನೋ ಟ್ರಂಪ್‌ನಿಂದ (ತುರುಪಿಲ್ಲದೆ, ಆರಕ್ಕಿಂತ ಒಂದು ಹೆಚ್ಚು ಟ್ರಿಕ್) ಆರಂಭಿಸಿದರು, ಅಂದರೆ ಅವರಲ್ಲಿ 15ರಿಂದ 17 ಪಾಯಿಂಟ್ ಇದೆ ಎಂದಾಯಿತು. ನಾನು ಎರಡು ಕ್ಲಬ್ ಹೇಳಿ, ಸ್ಟೇಮನ್ ಪದ್ಧತಿಯಂತೆ, ನಾಲ್ಕೆಲೆಯ ಹಾರ್ಟ್ ಅಥವಾ ಸ್ಪೇಡ್ ಇದೆಯೇ ಎಂದು ಕೇಳಿದೆ. ಅವರು ಎರಡು ಹಾರ್ಟ್ ಎಂದರು. ಆಗ ನಾನು ನಾಲ್ಕು ನೋ ಟ್ರಂಪ್ ಕಾರ್ಡನ್ನು ಬಿಡ್ ಕಾರ್ಡ್‌ಗಳ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟೆ.

ನನ್ನ ಲೆಕ್ಕ ಸರಳವಾಗಿತ್ತು. ನೋ ಟ್ರಂಪ್‌ನಲ್ಲಿ 12 ಟ್ರಿಕ್ ಗೆಲ್ಲಲು ಇಬ್ಬರಿಗೂ ಸೇರಿ ಸುಮಾರು 33 ಪಾಯಿಂಟ್ ಬೇಕು. ರಾಯರಲ್ಲಿ 17 ಇದ್ದರೆ ಅವರು ಸ್ಲ್ಯಾಮ್‌ಗೆ, ಅಂದರೆ 12 ಟ್ರಿಕ್‌ನ ಬಿಡ್‌ಗೆ, ಹೋಗಲಿ, 15 ಇದ್ದರೆ ಪಾಸ್ ಮಾಡಲಿ. ಹಾಗೆಯೇ, ಹಾರ್ಟ್ ಜೊತೆಗೆ ನಾಲ್ಕು ಸ್ಪೇಡ್ ಕೂಡ ಇದ್ದರೆ ಆರು ಸ್ಪೇಡ್ ಹೇಳಲಿ. ಹಾರ್ಟ್ ನನಗೆ ಒಗ್ಗಿದ್ದರೆ ನಾನು ನೋ ಟ್ರಂಪ್‌ಗೆ ಮರಳುತ್ತಲೇ ಇರಲಿಲ್ಲ, ಸ್ಪೇಡ್ ಕೂಡ ಇಲ್ಲದಿದ್ದರೆ ಸ್ಟೇಮನ್ ಕೇಳುವ ಅಗತ್ಯವೇ ಇರಲಿಲ್ಲ. ಆದ್ದರಿಂದ ಇದು ಪಾಯಿಂಟ್ ಕೇಳುವ ಬಿಡ್ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ನನ್ನ ಎಡಗಡೆ ಕುಳಿತಿದ್ದ ಎದುರಾಳಿ ತಮ್ಮ ಸರದಿ ಬಂದಾಗ ಆ ಬಿಡ್‌ನ ಅರ್ಥವೇನೆಂದು ರಾಯರನ್ನು ಕೇಳಿದರು. ರಾಯರು ಒಂದು ಕ್ಷಣವೂ ತಡೆಯದೆ, "ಕೀ ಕಾರ್ಡ್ ಕೇಳ್ತಿದಾರೆ, ಹಾರ್ಟ್ ಮೇಲೆ" ಎಂದರು. ಆಮೇಲೆ ಐದು ಹಾರ್ಟ್ ಹೇಳಿದರು.

ಅವರ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಈಸ್ಲಿ ಬ್ಲ್ಯಾಕ್‌ವುಡ್ 1933ರಲ್ಲಿ ರೂಪಿಸಿದ ಪದ್ಧತಿಯಲ್ಲಿ ನಾಲ್ಕು ನೋ ಟ್ರಂಪ್ ಕೇಳುತ್ತಿದ್ದುದು ಎಕ್ಕಗಳನ್ನು ಮಾತ್ರ. ಈಗ ಬಹುಪಾಲು ಜೋಡಿಗಳು ಬಳಸುವ ಪರಿಷ್ಕೃತ ರೂಪದಲ್ಲಿ ತುರುಪಿನ ರಾಜನನ್ನೂ ಸೇರಿಸಿ ಐದು ಕೀ ಕಾರ್ಡ್‌ಗಳೆಂದು ಎಣಿಸುತ್ತಾರೆ, ಮತ್ತು ಐದು ಹಾರ್ಟ್ ಎಂಬ ಉತ್ತರಕ್ಕೆ ಎರಡು ಕೀ ಕಾರ್ಡ್ ಇವೆ, ತುರುಪಿನ ರಾಣಿ ಇಲ್ಲ ಎಂದು ಅರ್ಥ. ರಾಯರ ಕೈಯಲ್ಲಿ ಡೈಮಂಡ್ ಎಕ್ಕವೂ ಹಾರ್ಟ್ ರಾಜನೂ ಇದ್ದವು.

ಆದರೆ ನನ್ನ ಪದ್ಧತಿಯಲ್ಲಿ ಅದೇ ಐದು ಹಾರ್ಟ್‌ಗೆ "ನಿಮ್ಮ ಆಹ್ವಾನ ಒಪ್ಪಿದ್ದೇನೆ, ನನ್ನ ಹಾರ್ಟ್ ಐದೆಲೆಯದು" ಎಂಬ ಅರ್ಥ ಬರುತ್ತದೆ. ಅವರ ವಿವರಣೆ ನನ್ನ ಕಿವಿಗೆ ಬಿದ್ದಿತ್ತು. ನಾವಿಬ್ಬರೂ ಬೇರೆ ಬೇರೆ ದಾರಿಯಲ್ಲಿದ್ದೇವೆ ಎಂಬುದು ನನಗೆ ಗೊತ್ತಾಗಿಹೋಗಿತ್ತು. ಬ್ರಿಜ್ ಗೊತ್ತಿಲ್ಲದವರಿಗೆ ವಿಚಿತ್ರವೆನಿಸುವ ಸಂಗತಿಯೊಂದು ಇಲ್ಲಿದೆ. ಆ ತಿಳಿವಳಿಕೆಯನ್ನು ನಾನು ಬಳಸುವಂತಿಲ್ಲ. ಜೊತೆಗಾರ ಎದುರಾಳಿಗೆ ಕೊಟ್ಟ ವಿವರಣೆಯಿಂದ ನನಗೆ ಸಿಕ್ಕ ಮಾಹಿತಿಯನ್ನು ಡೂಪ್ಲಿಕೇಟ್ ನಿಯಮಗಳ 16ನೆಯ ವಿಧಿ ಅನಧಿಕೃತ ಮಾಹಿತಿ ಎಂದು ಪರಿಗಣಿಸುತ್ತದೆ, ಮತ್ತು ಅದರ ಲಾಭ ಪಡೆಯದಂತೆ ಎಚ್ಚರ ವಹಿಸುವ ಹೊಣೆಯನ್ನು 73ನೆಯ ವಿಧಿ ನನ್ನ ಮೇಲೆಯೇ ಹೊರಿಸುತ್ತದೆ. ವಿವರಣೆ ಕೇಳಿಸದೇ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಬೇಕು. ಐದು ಹಾರ್ಟ್‌ಗೆ ಪಾಸ್ ಮಾಡಿ ಪಾರಾಗುವ ಆಸೆ ಯಾರಿಗೂ ಹುಟ್ಟಬಹುದು. ಅದನ್ನು ಮಾಡಿದರೆ ಮೋಸ. ಆಹ್ವಾನ ಕೊಟ್ಟವನು ನಾನು, ನನ್ನ ಪ್ರಕಾರ ಅವರು ಒಪ್ಪಿದ್ದಾರೆ. ಆದ್ದರಿಂದ ಬೀಳುವ ಸಾಧ್ಯತೆಯೇ ಹೆಚ್ಚೆಂದು ತಿಳಿದಿದ್ದರೂ ಆರು ನೋ ಟ್ರಂಪ್ ಹೇಳಿದೆ.

ಎಲ್ಲರೂ ಪಾಸ್ ಮಾಡಿದ ಮೇಲೆ, ಮೊದಲ ಎಲೆ ಬೀಳುವ ಮುನ್ನ, ನಾನು ಪಂದ್ಯದ ತೀರ್ಪುಗಾರರಾದ ಡೈರೆಕ್ಟರನ್ನು ಕರೆದು ನನ್ನ ದೃಷ್ಟಿಯಲ್ಲಿ ಆ ವಿವರಣೆ ಸರಿಯಲ್ಲ ಎಂದು ಎದುರಾಳಿಗಳಿಗೆ ತಿಳಿಸಿದೆ. ಕಾಂಟ್ರಾಕ್ಟ್ (ಹರಾಜಿನ ಕೊನೆಯ ಬಿಡ್) ಆಡುವ ಪಕ್ಷದವರು ಇದನ್ನು ಲೀಡ್‌ಗೆ (ಮೊದಲ ಎಲೆಗೆ) ಮುಂಚೆಯೇ ಹೇಳಬೇಕು, ತಡೆಯುವ ಪಕ್ಷದವರಾದರೆ ಆಟ ಮುಗಿದ ಮೇಲೆ. ಡೈರೆಕ್ಟರ್ ನಮ್ಮ ಕನ್ವೆನ್ಷನ್ ಕಾರ್ಡ್ (ಜೋಡಿಯ ಬಿಡ್ ಒಪ್ಪಂದಗಳನ್ನು ಬರೆದಿಟ್ಟ ಹಾಳೆ) ಎತ್ತಿಕೊಂಡು ಎರಡೂ ಕಡೆ ನೋಡಿದರು. ಒಂದು ನೋ ಟ್ರಂಪ್‌ಗೆ ನೇರವಾಗಿ ನಾಲ್ಕು ನೋ ಟ್ರಂಪ್ ಹೇಳಿದರೆ ಏನು ಎಂಬುದು ಅದರಲ್ಲಿ ಬರೆದಿತ್ತು. ಸ್ಟೇಮನ್ ಆದ ಮೇಲೆ ಹೇಳಿದರೆ ಏನು ಎಂಬುದು ಬರೆದಿರಲಿಲ್ಲ. ಹಾಗಾಗಿ ಒಪ್ಪಂದವೇ ಇಲ್ಲ ಎಂಬುದು ನಿಜವಾದ ವಿವರಣೆ ಎಂದು ಅವರು ಎದುರಾಳಿಗಳಿಗೆ ಹೇಳಿ, ಆಟ ಮುಂದುವರಿಸಲು ಸೂಚಿಸಿ, ಬೇರೆ ಮೇಜಿಗೆ ಹೋದರು.

ರಾಯರು ಚೆನ್ನಾಗಿಯೇ ಆಡಿದರು. ಸ್ಪೇಡ್ ನಾಲ್ಕು, ಹಾರ್ಟ್ ಎರಡು, ಎದುರಾಳಿಗಳಲ್ಲಿ ಮೂರು-ಮೂರಾಗಿ ಹಂಚಿದ್ದರಿಂದ ಡೈಮಂಡ್ ನಾಲ್ಕು, ಕ್ಲಬ್ ಒಂದು. ಒಟ್ಟು 11. ಹಾರ್ಟ್ ಎಕ್ಕವೂ ಕ್ಲಬ್ ರಾಜನೂ ಎದುರಾಳಿಗಳ ಪಾಲಾದವು. ಉಳಿದ ಮೇಜುಗಳಲ್ಲಿ ಹೆಚ್ಚಿನವರು ಮೂರು ಅಥವಾ ನಾಲ್ಕು ನೋ ಟ್ರಂಪ್‌ನಲ್ಲಿ ನಿಂತು ಅದೇ 11 ಟ್ರಿಕ್‌ಗೆ 460 ಅಂಕ ಪಡೆದಿದ್ದರು. ನಮ್ಮದು ಮೈನಸ್ 50.

ಸ್ಕೋರ್ ಬರೆಯುವ ಮೊದಲೇ ರಾಯರು ಶುರು ಮಾಡಿದರು. "ಹಾರ್ಟ್ ಒಪ್ಕೊಂಡು ಮತ್ತೆ ನೋ ಟ್ರಂಪ್‌ಗೆ ಯಾಕ್ರೀ ಓಡಿದ್ರಿ?"

"ಹಾರ್ಟ್ ನಾನು ಒಪ್ಪೇ ಇಲ್ಲ, ಸಾರ್."

"ಒಪ್ಪದೇ ಇದ್ರೆ ಎಕ್ಕ ಯಾಕೆ ಕೇಳಿದ್ರಿ?"

ಈ ಮಾತುಕತೆ ಹೀಗೆಯೇ ಸುತ್ತುತ್ತಿರುತ್ತದೆ ಎಂಬುದು ಎದುರಾಳಿಗಳಿಗೂ ಗೊತ್ತಿತ್ತು. ಅವರು ನೀರಿನ ಬಾಟಲಿ ಹಿಡಿದು ಎದ್ದು ಹೋದರು.

ಆಮೇಲೆ ಕಾಫಿಯ ಹೊತ್ತಿಗೆ ರಾಯರು ಹೇಳಿದ ಒಂದು ಮಾತು ಮಾತ್ರ ನನ್ನನ್ನು ಯೋಚಿಸುವಂತೆ ಮಾಡಿತು. ನಾಲ್ಕು ನೋ ಟ್ರಂಪ್ ಪಾಯಿಂಟ್ ಕೇಳುವ ಬಿಡ್ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ನಿಜವಾಗಿಯೂ ನಾಲ್ಕು ಹಾರ್ಟ್ ಕೈಯಲ್ಲಿದ್ದು ಕೀ ಕಾರ್ಡ್ ಕೇಳಬೇಕಾದಾಗ ನೀವು ಯಾವ ದಾರಿ ಉಳಿಸಿದ್ದೀರಿ ಎಂದು ಅವರು ಕೇಳಿದರು. ಬಲವಾದ ಪ್ರಶ್ನೆ. ಬ್ರಿಜ್‌ನಲ್ಲಿ ಒಂದರಿಂದ ಏಳರವರೆಗೆ, ನಾಲ್ಕು ಬಣ್ಣ ಮತ್ತು ನೋ ಟ್ರಂಪ್ ಸೇರಿ 35 ಬಿಡ್‌ಗಳು, ಜೊತೆಗೆ ಪಾಸ್, ಡಬಲ್, ರೀಡಬಲ್. 13 ಎಲೆಗಳ ಕಥೆಯನ್ನೆಲ್ಲ ಈ 38 ಮಾತುಗಳಲ್ಲೇ ಹೇಳಿ ಮುಗಿಸಬೇಕು. ಒಂದು ಮಾತಿಗೆ ಒಂದು ಅರ್ಥ ಕೊಟ್ಟ ಕೂಡಲೇ ಇನ್ನೊಂದು ಅರ್ಥಕ್ಕೆ ಬೇರೆ ಮನೆ ಹುಡುಕಬೇಕಾಗುತ್ತದೆ. ನುರಿತ ಜೋಡಿಗಳು ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ: ಎರಡು ಹಾರ್ಟ್ ಎಂಬ ಉತ್ತರದ ಮೇಲೆ ಮೂರು ಸ್ಪೇಡ್ ಹೇಳಿದರೆ ಅದು ಸ್ಪೇಡ್ ಅಲ್ಲ, ಹಾರ್ಟ್ ಒಪ್ಪಿ ಸ್ಲ್ಯಾಮ್‌ನತ್ತ ನೋಡುವ ಬಿಡ್. ಆ ಉಪಾಯ ನಮ್ಮ ಕಾರ್ಡ್‌ನಲ್ಲಿರಲಿಲ್ಲ. ಹಾಗಿರುವಾಗ ರಾಯರು ನಾಲ್ಕು ನೋ ಟ್ರಂಪನ್ನೇ ಆ ಕೆಲಸಕ್ಕೆ ಬಳಸಿಕೊಂಡದ್ದು ಅಸಂಬದ್ಧವಲ್ಲ. ನನ್ನ ವಾದ ಪುಸ್ತಕಕ್ಕೆ ಹತ್ತಿರವಾದದ್ದು ಎಂಬುದು ಈಗಲೂ ನನ್ನ ಅಭಿಪ್ರಾಯ. ಆದರೆ ನಾವು ಆಡುತ್ತಿದ್ದದ್ದು ಪುಸ್ತಕದ ಒಪ್ಪಂದವನ್ನಲ್ಲ, ನಮ್ಮಿಬ್ಬರ ಒಪ್ಪಂದವನ್ನು, ಮತ್ತು ಅದು ಆ ಜಾಗದಲ್ಲಿ ಖಾಲಿಯಾಗಿತ್ತು.

ಇನ್ನೂ ಒಂದು ಸಂಗತಿಯನ್ನು ರಾಯರಿಗೆ ಹೇಳಿದೆ, ಅವರು ನಕ್ಕರು. ಅವರ ಕ್ಲಬ್ ರಾಣಿಯ ಬದಲು ಕ್ಲಬ್ ರಾಜ ಇದ್ದಿದ್ದರೆ, ಇದೇ ಎಡವಟ್ಟು ಬಿಡ್ಡಿಂಗ್‌ನಿಂದ ಇದೇ ಆರು ನೋ ಟ್ರಂಪ್‌ಗೆ ಹೋಗಿ 12 ಟ್ರಿಕ್ ಗೆದ್ದು 990 ಅಂಕ ಪಡೆದು, ಪರಸ್ಪರ ಬೆನ್ನು ತಟ್ಟಿಕೊಂಡು ಮುಂದಿನ ಬೋರ್ಡ್‌ಗೆ ಹೋಗುತ್ತಿದ್ದೆವು. ಜೋಡಿಗಳ ನಡುವಿನ ಅನೇಕ ತೂತುಗಳು ಹೀಗೆ ಒಳ್ಳೆಯ ಅಂಕದ ಕೆಳಗೆ ವರ್ಷಗಟ್ಟಲೆ ಮುಚ್ಚಿಕೊಂಡಿರುತ್ತವೆ ಎಂಬ ಗುಮಾನಿ ನನಗಿದೆ.

ಇಂಥ ಜಗಳಗಳ ಚರಿತ್ರೆ ಆಟದಷ್ಟೇ ಹಳೆಯದು. ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಕಾಂಟ್ರಾಕ್ಟ್ ಬ್ರಿಜ್‌ನ ಅಂಕಪದ್ಧತಿಯನ್ನು ರೂಪಿಸಿದ ಕೆಲವೇ ವರ್ಷಗಳಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಬಿದ್ದುಹೋದ ನಾಲ್ಕು ಸ್ಪೇಡ್ ಕಾಂಟ್ರಾಕ್ಟ್ ಒಂದರ ನಂತರ ಹೆಂಡತಿ ಗಂಡನನ್ನು ಗುಂಡಿಟ್ಟು ಕೊಂದ 1929ರ ಪ್ರಕರಣವನ್ನು ಬ್ರಿಜ್ ಬಗ್ಗೆ ಬರೆಯುವವರೆಲ್ಲ ಹೇಳಿ ಹೇಳಿ ಸವೆಸಿದ್ದಾರೆ. ನನಗೆ ಅದಕ್ಕಿಂತ ಕುತೂಹಲಕರವಾಗಿ ಕಾಣುವುದು 1931ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಈಲೈ ಕಲ್ಬರ್ಟ್‌ಸನ್ ಮತ್ತು ಸಿಡ್ನಿ ಲೆನ್ಜ್ ಪಕ್ಷಗಳ 150 ರಬ್ಬರ್‌ಗಳ (ಎರಡು ಗೇಮ್ ಮೊದಲು ಗೆದ್ದವರಿಗೆ ಸಲ್ಲುವ ಸುತ್ತುಗಳ) ಪಂದ್ಯ. ಅದು ಯಾರ ಬಿಡ್ಡಿಂಗ್ ಪದ್ಧತಿ ಮೇಲು ಎಂಬುದನ್ನು ತೀರ್ಮಾನಿಸಲೆಂದೇ ನಡೆದದ್ದು. ಲೆನ್ಜ್ ಅವರ ಜೊತೆಗಾರ ಆಸ್ವಾಲ್ಡ್ ಜೇಕಬಿ ಆಗಿನ್ನೂ ಮೂವತ್ತು ದಾಟಿರದ ಯುವಕ; ಎದುರಾಳಿಯನ್ನು ದಿಕ್ಕು ತಪ್ಪಿಸಲು ಕೈಯಲ್ಲಿ ಇಲ್ಲದ್ದನ್ನು ಇದೆಯೆನ್ನುವ ಸೈಕಿಕ್ ಬಿಡ್‌ಗಳ ಮೋಹ ಅವರಿಗೆ. ಆ ಬಿಡ್‌ಗಳಿಂದ ಎದುರಾಳಿಗಳಷ್ಟೇ ಲೆನ್ಜ್ ಕೂಡ ದಿಕ್ಕು ತಪ್ಪುತ್ತಿದ್ದರು. ಅಸಮಾಧಾನ ಬೆಳೆದು, ನೂರಕ್ಕೂ ಹೆಚ್ಚು ರಬ್ಬರ್ ಆದ ಮೇಲೆ ಲೆನ್ಜ್ ಮೇಜಿನಲ್ಲೇ ಮಾಡಿದ ಟೀಕೆಯಿಂದ ಕೆರಳಿದ ಜೇಕಬಿ ಪಂದ್ಯವನ್ನೇ ಬಿಟ್ಟು ಹೋದರು. ಕಮಾಂಡರ್ ಲಿಗೆಟ್ ಆ ಜಾಗಕ್ಕೆ ಬಂದರು. ಕೊನೆಗೆ ಕಲ್ಬರ್ಟ್‌ಸನ್ ಪಕ್ಷ 8,980 ಅಂಕಗಳಿಂದ ಗೆದ್ದಿತು. ಪದ್ಧತಿಯ ಮೇಲ್ಮೆ ಸಾಬೀತಾಯಿತೆಂದು ಕಲ್ಬರ್ಟ್‌ಸನ್ ಡಂಗುರ ಸಾರಿದರು, ಅವರ ಪುಸ್ತಕಗಳೂ ಮಾರಾಟವಾದವು. ನನಗೆ ಅಲ್ಲಿ ಕಾಣುವುದು, ಒಂದೇ ಪದ್ಧತಿಯ ಹೆಸರು ಹೇಳಿಕೊಂಡು ಎರಡು ಪದ್ಧತಿ ಆಡುತ್ತಿದ್ದ ಒಂದು ಜೋಡಿ.

ಇಂದಿನ ನನ್ನ ಇಕ್ಕಟ್ಟು ದೊಡ್ಡ ಪಂದ್ಯಗಳಲ್ಲಿ ಈಗ ಹುಟ್ಟುವುದಿಲ್ಲ. 1975ರ ಬರ್ಮುಡಾ ಬೌಲ್ ವಿಶ್ವ ಚಾಂಪಿಯನ್‌ಷಿಪ್‌ನಿಂದೀಚೆಗೆ ವಿಶ್ವಮಟ್ಟದ ಆಟದಲ್ಲಿ ಮೇಜಿಗೆ ಅಡ್ಡಲಾಗಿ ಪರದೆ ಇರುತ್ತದೆ. ಜೊತೆಗಾರರಿಬ್ಬರೂ ಪರದೆಯ ಬೇರೆ ಬೇರೆ ಬದಿಯಲ್ಲಿರುವುದರಿಂದ ಒಬ್ಬರ ವಿವರಣೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಆನ್‌ಲೈನ್‌ನಲ್ಲಿಯೂ ಹಾಗೆಯೇ, ನಮ್ಮ ಬಿಡ್‌ನ ಅರ್ಥವನ್ನು ನಾವೇ ಎದುರಾಳಿಗಳಿಗೆ ಟೈಪ್ ಮಾಡುತ್ತೇವೆ, ಜೊತೆಗಾರರಿಗೆ ಅದು ಕಾಣುವುದಿಲ್ಲ. ಇಂದು ಪರದೆ ಇದ್ದಿದ್ದರೂ ನಾವು ಆರು ನೋ ಟ್ರಂಪ್‌ಗೇ ಹೋಗುತ್ತಿದ್ದೆವು, ಆದರೆ ನಾನು ನೆಮ್ಮದಿಯಿಂದ ಹೋಗುತ್ತಿದ್ದೆ.

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಬ್ರಿಜ್‌ನ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದಾಗ ಪತ್ರಿಕೆಗಳೆಲ್ಲ ಅವರ ವಯಸ್ಸಿನ ಬಗ್ಗೆ ಬರೆದವು. ಪ್ರಣಬ್ ಅವರಿಗೆ ಆಗ 60. ರಾಯರು ಅವರನ್ನು ಉದಾಹರಿಸಿ ನಮಗೂ ಇನ್ನೂ ಕಾಲವಿದೆ ಎನ್ನುತ್ತಿರುತ್ತಾರೆ. ಅಂಥ ಜೋಡಿಯ ಕಡತದಲ್ಲಿ ಸ್ಟೇಮನ್ ನಂತರದ ನಾಲ್ಕು ನೋ ಟ್ರಂಪ್‌ಗೆ ಒಂದು ಸಾಲಾದರೂ ಇದ್ದೇ ಇರುತ್ತದೆ ಎಂದು ನಾನು ಇವತ್ತು ಉತ್ತರಿಸಿದೆ.

ಕಾರಿನ ಬಾನೆಟ್ ಮೇಲೆ ಕಾರ್ಡ್ ಇಟ್ಟುಕೊಂಡು ಎರಡು ಸಾಲು ಬರೆದೆವು. ಸ್ಟೇಮನ್‌ಗೆ ಉತ್ತರ ಬಂದ ಮೇಲಿನ ನಾಲ್ಕು ನೋ ಟ್ರಂಪ್ ಪಾಯಿಂಟ್ ಕೇಳುತ್ತದೆ. ಸಿಕ್ಕ ಬಣ್ಣವನ್ನು ಒಪ್ಪಿ ಸ್ಲ್ಯಾಮ್ ನೋಡುವುದಿದ್ದರೆ ಇನ್ನೊಂದು ಮೇಜರ್ ಬಣ್ಣವನ್ನು (ಹಾರ್ಟ್, ಸ್ಪೇಡ್‌ಗಳಲ್ಲಿ ಉಳಿದದ್ದನ್ನು) ಮೂರರ ಮಟ್ಟದಲ್ಲಿ ಹೇಳಬೇಕು. ಎರಡನೆಯ ಸಾಲಿಗೆ ರಾಯರು ಸುಲಭವಾಗಿ ಒಪ್ಪಲಿಲ್ಲ. ಸ್ಪೇಡ್ ಹೇಳಿ ಹಾರ್ಟ್ ಎಂದು ತಿಳಿಯಬೇಕಾದ ಬಿಡ್ ಎಷ್ಟೋ ತಿಂಗಳಿಗೊಮ್ಮೆ ಬರುತ್ತದೆ, ಬಂದ ದಿನ ಇಬ್ಬರಲ್ಲಿ ಒಬ್ಬರಿಗೆ ಮರೆತಿರುತ್ತದೆ, ಮರೆತವರು ಮೂರು ಸ್ಪೇಡ್‌ನಲ್ಲೇ ಪಾಸ್ ಮಾಡಿಬಿಡುತ್ತಾರೆ ಎಂಬುದು ಅವರ ಆಕ್ಷೇಪ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ. ಕೊನೆಗೆ ಮೂರು ತಿಂಗಳ ಪ್ರಯೋಗಕ್ಕೆಂದು ಪೆನ್ಸಿಲ್‌ನಲ್ಲಿ ಬರೆಯಲು ಒಪ್ಪಿದರು. ಒಂದು ಸ್ಪೇಡ್, ಎರಡು ಕ್ಲಬ್, ಎರಡು ನೋ ಟ್ರಂಪ್ ಆದ ಮೇಲೆ ಹೇಳುವ ನಾಲ್ಕು ನೋ ಟ್ರಂಪ್ ಏನು ಎಂದು ಕೇಳಿದ್ದಕ್ಕೆ, ಅದನ್ನು ಮುಂದಿನ ಭಾನುವಾರ ಆಟಕ್ಕೆ ಮುಂಚೆ ಅರ್ಧ ಗಂಟೆ ಮೊದಲೇ ಬಂದು ಮಾತನಾಡೋಣ ಎಂದು ಕಾರು ಹತ್ತಿದರು.