ವಿಎಂ ಒಳಗೆ ಯುಎಸ್‌ಬಿ ಡ್ರೈವ್ ತೆವಳುತ್ತಿದ್ದರೆ

"ಹೋಸ್ಟ್‌ನಲ್ಲಿ ಚೆನ್ನಾಗಿಯೇ ಓಡುತ್ತೆ, ವಿಎಂಗೆ ಕೊಟ್ಟ ತಕ್ಷಣ ತೆವಳುತ್ತೆ." ವಿಎಂ (ವರ್ಚುವಲ್ ಮಷಿನ್) ಎಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್, ಅದನ್ನು ಓಡಿಸುವ ನಿಜವಾದ ಕಂಪ್ಯೂಟರೇ ಹೋಸ್ಟ್. ಯುಎಸ್‌ಬಿ ಡ್ರೈವ್ ಬಗ್ಗೆ ಈ ದೂರು ಬಂದಾಗ ಸೆಟ್ಟಿಂಗ್ ಕೆದಕುವ ಮುಂಚೆ ಸೆಕೆಂಡಿಗೆ ಎಷ್ಟು ಎಂಬಿ ಬರುತ್ತಿದೆ ಎಂದು ಕೇಳಿ. ಅಳೆಯಲು ವಿಎಂನ ರ‍್ಯಾಮ್‌ಗಿಂತ ದೊಡ್ಡದಾದ ಒಂದೇ ಫೈಲ್ ಬಳಸಿ. ಚಿಕ್ಕ ಫೈಲಾದರೆ ಕ್ಯಾಶ್‌ನ (ರ‍್ಯಾಮ್‌ನಲ್ಲಿ ಇಟ್ಟ ತಾತ್ಕಾಲಿಕ ಪ್ರತಿಯ) ವೇಗ ತೋರುತ್ತದೆ, ಸಾವಿರಾರು ಸಣ್ಣ ಫೈಲ್‌ಗಳಾದರೆ ಯಾವ ಡ್ರೈವಾದರೂ ಏದುಸಿರು ಬಿಡುತ್ತದೆ.

ಸುಮಾರು 1 ಎಂಬಿ ಬಂದರೆ ವಿಎಂನ ಕಂಟ್ರೋಲರ್ (ಯುಎಸ್‌ಬಿ ಸಾಧನಗಳನ್ನು ನಿಭಾಯಿಸುವ ಭಾಗ) ಯುಎಸ್‌ಬಿ 1.1ರಲ್ಲಿದೆ, ಅದರ ಮಿತಿಯೇ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ 1.5 ಎಂಬಿ. 30–40 ಎಂಬಿಗೆ ನಿಂತರೆ ಎಲ್ಲೋ ಯುಎಸ್‌ಬಿ 2.0 ಅಡ್ಡ ಬಂದಿದೆ. 100 ದಾಟಿದ್ದು ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಅಲ್ಲಿಗೆ ಬಿಡಿ, ಅದರ ತಾಕತ್ತೇ ಅಷ್ಟು.

30–40 ಕಂಡಾಗ ಮೊದಲು ಕೇಬಲ್ ಅನುಮಾನಿಸಿ. ಹಳೆಯ 2.0 ಮೈಕ್ರೋ-ಬಿ ಕೇಬಲ್, 3.0 ಡ್ರೈವ್‌ನ ಅಗಲ ಸಾಕೆಟ್‌ನ ಒಂದು ಭಾಗಕ್ಕೆ ಸಲೀಸಾಗಿ ಕೂರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಲಿನಕ್ಸ್ ಹೋಸ್ಟ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡ್‌ಗೆ ಟಿ ಆಯ್ಕೆ ಕೊಟ್ಟರೆ (lsusb -t) ಡ್ರೈವ್‌ನ ಮುಂದೆ 480 (2.0ರ ವೇಗ) ಇದೆಯೋ 5000 (3.0ರ ವೇಗ) ಇದೆಯೋ ಕಾಣುತ್ತದೆ. ಹೋಸ್ಟ್‌ನಲ್ಲೇ 480 ಇದ್ದರೆ ವಿಎಂ ಸೆಟ್ಟಿಂಗ್ ತಿದ್ದಿ ಪ್ರಯೋಜನವಿಲ್ಲ.

ಹೋಸ್ಟ್ ಸರಿಯಿದ್ದರೆ ಕಂಟ್ರೋಲರ್ ನೋಡಿ. ವಿಎಂ ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ನಲ್ಲಿ ಓಎಚ್‌ಸಿಐ ಎಂದರೆ 1.1, ಇಎಚ್‌ಸಿಐ ಎಂದರೆ 2.0, ಎಕ್ಸ್‌ಎಚ್‌ಸಿಐ ಎಂದರೆ 3.0. ಇದನ್ನು ಬದಲಿಸಲು ವಿಎಂ ಪೂರ್ತಿ ಆಫ್ ಆಗಿರಬೇಕು. ಸೇವ್ ಮಾಡಿ ನಿಲ್ಲಿಸಿದ್ದರೆ ಸಾಲದು. ವರ್ಚುವಲ್‌ಬಾಕ್ಸ್ ಆವೃತ್ತಿ 7.0ಕ್ಕಿಂತ ಹಳೆಯದಾದರೆ ಅದೇ ಆವೃತ್ತಿಯ, ಬೇರೆಯಾಗಿ ಹಾಕಬೇಕಾದ ಎಕ್ಸ್‌ಟೆನ್ಶನ್ ಪ್ಯಾಕ್ ಕೂಡ ಬೇಕು. ಒಳಗೆ ವಿಂಡೋಸ್ 7 ಇದ್ದರೆ ಎಕ್ಸ್‌ಎಚ್‌ಸಿಐ ಹಾಕಿದ ಮೇಲೆ ಡ್ರೈವ್ ಕಾಣುವುದೇ ಇಲ್ಲ, ಏಕೆಂದರೆ ಅದರಲ್ಲಿ 3.0 ಡ್ರೈವರ್ ಇಲ್ಲ. ವರ್ಚುವಲ್‌ಬಾಕ್ಸ್ ಅನುಕರಿಸುವುದು ಇಂಟೆಲ್ 7 ಸರಣಿಯ ಚಿಪ್‌ಸೆಟ್‌ನ ಕಂಟ್ರೋಲರ್, ಹಾಗಾಗಿ ಆ ಚಿಪ್‌ಸೆಟ್‌ನ ಇಂಟೆಲ್ ಡ್ರೈವರ್ ಹಾಕಿ. ಲಿನಕ್ಸ್‌ನ ವಿಎಂ ವ್ಯವಸ್ಥೆಯಾದ ಕೆವಿಎಂನಲ್ಲಿ ಹಳೆಯ ವಿಎಂಗಳಿಗೆ ಪಿಐಐಎಕ್ಸ್3-ಯುಎಚ್‌ಸಿಐ ಎಂಬ 1.1 ಕಂಟ್ರೋಲರ್ ಅಂಟಿಕೊಂಡಿರುತ್ತದೆ. ವಿಎಂನ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲ್‌ನಲ್ಲಿ ಕಂಟ್ರೋಲರ್‌ನ ಮಾಡೆಲ್ ಅನ್ನು ಕ್ಯೂಎಂಯು-ಎಕ್ಸ್‌ಎಚ್‌ಸಿಐ ಎಂದು ಬದಲಿಸಿ.

ಇಷ್ಟಾದರೂ ಹೋಸ್ಟ್‌ನ ವೇಗ ಪೂರ್ತಿ ಸಿಗುತ್ತದೆಂದು ನಂಬಬೇಡಿ. ಪ್ರತಿ ವರ್ಗಾವಣೆಯೂ ಅನುಕರಿಸಿದ ಕಂಟ್ರೋಲರ್ ಹಾದು ಹೋಸ್ಟ್‌ನ ಯುಎಸ್‌ಬಿ ಪದರಕ್ಕೆ ಇಳಿಯಬೇಕು, ಆ ಕೆಲಸಕ್ಕೆ ಸಿಪಿಯು ಸವೆಯುತ್ತದೆ. ದಿನವೂ ಬ್ಯಾಕಪ್ ಓಡುವ ಡ್ರೈವ್ ಆದರೆ ಅದನ್ನು ಯುಎಸ್‌ಬಿ ಸಾಧನವಾಗಿ ಕೊಡುವುದನ್ನೇ ಬಿಟ್ಟು ಡಿಸ್ಕ್ ಆಗಿ ಕೊಡಿ. ಕೆವಿಎಂನಲ್ಲಿ ಹೋಸ್ಟ್‌ನಿಂದ ಅನ್‌ಮೌಂಟ್ ಮಾಡಿ, ಬೈ-ಐಡಿ ದಾರಿಯಿಂದ (/dev/disk/by-id, ಡ್ರೈವ್‌ನ ಸ್ವಂತ ಗುರುತಿನ ಹೆಸರು) ವರ್ಟ್‌ಐಒ (ವಿಎಂಗೆಂದೇ ರೂಪಿಸಿದ ವೇಗದ ವಿಧಾನ) ಡಿಸ್ಕ್ ಆಗಿ ಸೇರಿಸಿ, ಕ್ಯಾಶ್ ಆಯ್ಕೆಯನ್ನು ನನ್ (none) ಎಂದು ಇಡಿ. ಲಿನಕ್ಸ್ ಡ್ರೈವ್‌ಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಹೆಸರು ನೆಚ್ಚಬೇಡಿ, ರೀಬೂಟ್ ಆದರೆ ಅದಲುಬದಲಾಗುತ್ತವೆ. ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಂತೂ ಯುಎಸ್‌ಬಿ ಪಾಸ್‌ಥ್ರೂ (ಸಾಧನವನ್ನು ನೇರವಾಗಿ ವಿಎಂಗೆ ಕೊಡುವುದು) ಇಲ್ಲವೇ ಇಲ್ಲ. ಹೋಸ್ಟ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಆಫ್‌ಲೈನ್ ಮಾಡಿ ಎಸ್‌ಸಿಎಸ್‌ಐ ಕಂಟ್ರೋಲರ್ ಅಡಿಯಲ್ಲಿ ಫಿಸಿಕಲ್ ಡಿಸ್ಕ್ ಆಗಿ ಸೇರಿಸಬೇಕು. ಒಂದೇ ಡಿಸ್ಕನ್ನು ಹೋಸ್ಟೂ ವಿಎಂಮ್ಮೂ ಏಕಕಾಲಕ್ಕೆ ಮೌಂಟ್ ಮಾಡಿದರೆ ಫೈಲ್‌ಸಿಸ್ಟಮ್ ಹಾಳು.

ಇಡೀ ಯುಎಸ್‌ಬಿ ಕಂಟ್ರೋಲರನ್ನೇ ಪಿಸಿಐ ಪಾಸ್‌ಥ್ರೂ ಮಾಡಿದರೆ ಹೋಸ್ಟ್‌ನಲ್ಲಿ ಸಿಗುವುದಕ್ಕೆ ಹತ್ತಿರದ ವೇಗವೇ ಸಿಗುತ್ತದೆ. ಅದಕ್ಕೆ ಬಯಾಸ್‌ನಲ್ಲಿ ವಿಟಿ-ಡಿ (ಇಂಟೆಲ್‌ನಲ್ಲಿ) ಅಥವಾ ಎಎಂಡಿ-ವಿಐ (ಎಎಂಡಿಯಲ್ಲಿ) ಆನ್ ಇರಬೇಕು. ಅದೇ ಕಂಟ್ರೋಲರ್‌ಗೆ ಕೀಬೋರ್ಡ್, ಮೌಸ್ ಜೋಡಿಸಿದ್ದರೆ ಅವೂ ಹೋಸ್ಟ್‌ನ ಕೈತಪ್ಪುತ್ತವೆ. ಬರೀ ನಾಲ್ಕು ಫೈಲ್ ಸಾಗಿಸಲು ಇಷ್ಟು ಹರಸಾಹಸ ಏಕೆ? ಹೋಸ್ಟ್‌ನಲ್ಲೇ ಮೌಂಟ್ ಮಾಡಿ ನೆಟ್‌ವರ್ಕ್ ಶೇರ್ ಕೊಟ್ಟರಾಯಿತು.

ವೇಗ ಸ್ಥಿರವಾಗಿರದೆ ಏರಿಳಿಯುತ್ತಿದ್ದರೆ ಲಿನಕ್ಸ್ ಹೋಸ್ಟ್‌ನ ಡಿಮೆಸೇಜ್‌ನಲ್ಲಿ (dmesg, ಸಿಸ್ಟಮ್ ಸಂದೇಶಗಳ ಪಟ್ಟಿ) ರೀಸೆಟ್ ಸಾಲುಗಳಿವೆಯೇ ನೋಡಿ. ಇದ್ದರೆ ವಿದ್ಯುತ್ ಸಾಲದಿರಬಹುದು: 2.0 ಪೋರ್ಟ್‌ನ ಮಿತಿ 500 ಮಿಲಿಆಂಪ್, 3.0ರದ್ದು 900. ಸ್ವಂತ ಅಡಾಪ್ಟರ್ ಇರುವ ಹಬ್ ಹಾಕಿ ಮತ್ತೆ ಅಳೆಯಿರಿ. ರೀಸೆಟ್ ಇಲ್ಲದೆ, ಬರೆಯುವಾಗ ಮಾತ್ರ ಮೊದಲಿಗೆ ಚುರುಕಾಗಿದ್ದು ಬಹಳ ಹೊತ್ತಿನ ಮೇಲೆ ಕುಸಿದರೆ ಅದು ಎಸ್‌ಎಂಆರ್ ಡಿಸ್ಕ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಹಾರ್ಡ್‌ಡಿಸ್ಕ್) ಇರಬಹುದು. ಹೋಸ್ಟ್‌ನಲ್ಲಿ ಅಷ್ಟೇ ಡೇಟಾ ಬರೆದು ನೋಡಿ, ಅಲ್ಲೂ ಕುಸಿದರೆ ಡಿಸ್ಕ್ ಬದಲಿಸಿ.